ಎರಡೇ ಟೈರು ಸಾಕೆನ್ನುವ ತಪ್ಪು ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳ ಯಾವ ಟೈರು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೂ ಕಿವಿಗೆ ಬೀಳುವ ಸಲಹೆ ಒಂದೇ ಬಗೆಯದು: “ಮುಂದಿನವು ಎರಡು ಹೋಗ್ಯಾವ್ರಿ ಸಾವಕಾರ್ರ. ಹಿಂದಿನವು ಇನ್ನೂ ಒಂದ್ ವರ್ಷ ಬರ್ತಾವ. ಎರಡ ಹಾಕಸ್ರಿ, ಸಾಕು.” ಸವೆದದ್ದನ್ನು ಬದಲಿಸು, ಉಳಿದದ್ದನ್ನು ಓಡಿಸು. ಬರಗಾಲದ ಮೇಲೆ ಬರಗಾಲ ಕಂಡ ನೆಲದಲ್ಲಿ ಈ ಮಾತು ಬೇರೂರಿದ್ದು ಸಹಜ. ಎಂಜಿನ್ನಿನ ಬಲ ಎರಡೇ ಗಾಲಿಗೆ ಹೋಗುವ ಗಾಡಿಗೆ ಇದನ್ನು ಬಹುಮಟ್ಟಿಗೆ ಒಪ್ಪಲೂಬಹುದು. ಆದರೆ ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿಗೆ ಇದು ಅಪ್ಪಟ ತಪ್ಪು. ಆ ಗಾಡಿ ಎರಿ ಹೊಲದ ಟ್ರ್ಯಾಕ್ಟರ್ ಇರಲಿ, ಗುತ್ತಿಗೆದಾರರ ಥಾರ್ ಇರಲಿ, ಸೊಲ್ಲಾಪುರ ಹೆದ್ದಾರಿಯಲ್ಲಿ ಓಡುವ ಆಡಿ ಕ್ವಾಟ್ರೋ ಇರಲಿ, ಟೈರಿನಲ್ಲಿ ಉಳಿದ ದುಡ್ಡನ್ನು ಗೇರ್ ಬಾಕ್ಸ್ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಈ ತಪ್ಪನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕಾದವರು ಈ ಸೀಮೆಯ ರೈತರೇ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಒಂಟಿ ಎತ್ತು ಕೊಳ್ಳಲು ಬಂದವನು ಏನು ಮಾಡುತ್ತಾನೆ? ಮನೆಯಲ್ಲಿ ಉಳಿದ ಎತ್ತಿನ ಎತ್ತರ, ನಡಿಗೆ, ವಯಸ್ಸು ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬಂದಿರುತ್ತಾನೆ. ಎಷ್ಟೇ ಚೆಂದದ ಹೋರಿ ಕಂಡರೂ ಜೋಡಿಗೆ ಒಗ್ಗದಿದ್ದರೆ ಹಗ್ಗ ಹಿಡಿಯುವುದಿಲ್ಲ. ಗಿಡ್ಡ ಎತ್ತಿಗೂ ಎತ್ತರದ ಎತ್ತಿಗೂ ಒಂದೇ ನೊಗ ಹೂಡಿದರೆ ಹೆಗಲು ಹುಣ್ಣಾಗುತ್ತದೆ, ಸಾಲು ಸೊಟ್ಟಗಾಗುತ್ತದೆ ಎಂಬುದು ಅವನಿಗೆ ಗೊತ್ತು. ಅದೇ ರೈತ ಆರೇಳು ಲಕ್ಷ ಸಾಲ ಮಾಡಿ ತಂದ ಫೋರ್ ಬೈ ಫೋರ್ ಟ್ರ್ಯಾಕ್ಟರಿಗೆ ಮುಂದೊಂದು ಅಳತೆ, ಹಿಂದೊಂದು ಅಳತೆಯ ಸವೆತದ ಟೈರು ಹಾಕಿ ಹೂಡುತ್ತಾನೆ. ಎತ್ತಾದರೆ ಹೆಗಲು ಕೊಡವಿ ತೋರಿಸುತ್ತದೆ. ಹಲ್ಲುಗಾಲಿಗಳು ಒಳಗೇ ತೇಯುತ್ತವೆ, ಮುರಿಯುವ ದಿನದವರೆಗೆ ಸುದ್ದಿ ಕೊಡುವುದಿಲ್ಲ.

ಟ್ರ್ಯಾಕ್ಟರನ್ನೂ ವೇಗದ ಕಾರನ್ನೂ ಒಂದೇ ಲೇಖನದಲ್ಲಿ ಕಟ್ಟುವುದಕ್ಕೆ ಕಾರಣವಿದೆ. ಎರಡರ ವಂಶವೂ ಒಂದೇ. ಟ್ರ್ಯಾಕ್ಟರಿನ ಹಿಂದೆ ನೇಗಿಲು ಎತ್ತಿ ಇಳಿಸುವ ಮೂರು ಬಿಂದುವಿನ ಕೊಂಡಿಯನ್ನು ರೂಪಿಸಿದ ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಹೆಸರು ಇಂದಿಗೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಮ್ಯಾಸಿ’ ಟ್ರ್ಯಾಕ್ಟರಿನ ಬೆನ್ನಿಗೆ ಅಂಟಿಕೊಂಡಿದೆ. ಆತ ಬದುಕಿನ ಕೊನೆಯ ವರ್ಷಗಳನ್ನು ಕಾರಿನ ನಾಲ್ಕೂ ಗಾಲಿಗೆ ಬಲ ಹಂಚುವ ಕೆಲಸಕ್ಕೆ ಕೊಟ್ಟು 1960ರಲ್ಲಿ ತೀರಿಕೊಂಡ. ಮರುವರ್ಷವೇ ಆತನ ಸಂಸ್ಥೆಯ ಪಿ99 ರೇಸ್ ಕಾರನ್ನು ಓಡಿಸಿ ಸ್ಟರ್ಲಿಂಗ್ ಮಾಸ್ ಇಂಗ್ಲೆಂಡಿನ ಓಲ್ಟನ್ ಪಾರ್ಕಿನಲ್ಲಿ ಗೋಲ್ಡ್ ಕಪ್ ಗೆದ್ದ. 1966ರಲ್ಲಿ ಅದೇ ತಂತ್ರದ ಜೆನ್ಸನ್ ಎಫ್ಎಫ್ ಕಾರು ಮಾರುಕಟ್ಟೆಗೆ ಬಂತು. ಆಡಿ ಕ್ವಾಟ್ರೋ ಬಂದದ್ದು 1980ರಲ್ಲಿ. ಇಟಲಿಯ ಲಂಬೋರ್ಗಿನಿಯೂ ಮೊದಲು ಮಾಡಿದ್ದು ಟ್ರ್ಯಾಕ್ಟರನ್ನೇ; ಕಾರಿಗೆ ಕೈ ಹಾಕಿದ್ದು 1963ರಲ್ಲಿ. ಹೊಲದಲ್ಲಿ ನಿಜವಾದ ನಿಯಮ ಹೆದ್ದಾರಿಯಲ್ಲಿ ಸುಳ್ಳಾಗುವುದಿಲ್ಲ.

ನಿಯಮವನ್ನು ಅಂಕಿಯಲ್ಲೇ ನೋಡಬೇಕು. 225/45 ಆರ್17 ಎಂಬ ಅಳತೆಯ ಟೈರು ತೆಗೆದುಕೊಳ್ಳೋಣ. ಅಗಲ 225 ಮಿ.ಮೀ., ಗೋಡೆಯ ಎತ್ತರ ಅದರ ಶೇ 45, ಒಳಗಿನ ರಿಮ್ಮು 17 ಅಂಗುಲ. ಹೊಸದಾಗಿದ್ದಾಗ ಇದರ ವ್ಯಾಸ ಸುಮಾರು 634 ಮಿ.ಮೀ., ಸುತ್ತಳತೆ 1993 ಮಿ.ಮೀ. ಹೊಸ ಟೈರಿನ ಗೀರುಗಳ ಆಳ 8 ಮಿ.ಮೀ. ಎಂದಿಟ್ಟುಕೊಂಡರೆ, ಅದು 3 ಮಿ.ಮೀ.ಗೆ ಇಳಿಯುವ ಹೊತ್ತಿಗೆ ಸುತ್ತಳತೆ 1961ಕ್ಕೆ ಕುಗ್ಗುತ್ತದೆ. ಒಂದು ಸುತ್ತಿಗೆ 31 ಮಿ.ಮೀ. ವ್ಯತ್ಯಾಸ. ನೋಡಲು ಒಂದು ಗೇಣೂ ಇಲ್ಲ. ಆದರೆ ಹೊಸ ಟೈರು ಕಿಲೋಮೀಟರಿಗೆ 502 ಸುತ್ತು ಸುತ್ತಿದರೆ ಹಳೆಯದು 510 ಸುತ್ತಬೇಕು. ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ.; ಅಷ್ಟು ದೂರದಲ್ಲಿ ಎಂಟುನೂರು ಸುತ್ತಿನ ಲೆಕ್ಕ ತಪ್ಪುತ್ತದೆ.

ಆ ಎಂಟುನೂರು ಸುತ್ತು ಎಲ್ಲಿಗೆ ಹೋಗುತ್ತವೆ? ಎರಡು ಗಾಲಿಯ ಬಲದ ಕಾರಿನಲ್ಲಿ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಸಂಬಂಧವೇ ಇಲ್ಲ, ಅವು ತಮ್ಮ ಪಾಡಿಗೆ ತಾವು ತಿರುಗುತ್ತವೆ. ನಾಲ್ಕು ಗಾಲಿಯ ಬಲದ ಕಾರಿನಲ್ಲಿ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಒಂದು ಉಕ್ಕಿನ ದಾರಿಯಿದೆ. ಅದರ ನಡುವೆ ಹಲ್ಲುಗಾಲಿಯ ಡಿಫರೆನ್ಶಿಯಲ್ಲೋ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಫಲಕಗಳೋ ಕುಳಿತಿರುತ್ತವೆ. ಕಾರು ತಿರುವು ತೆಗೆದುಕೊಳ್ಳುವಾಗ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದಾರಿ ಕ್ರಮಿಸುತ್ತದೆ; ಆ ಕೆಲವು ಕ್ಷಣಗಳ ವ್ಯತ್ಯಾಸವನ್ನು ನುಂಗುವುದಕ್ಕೆಂದೇ ಇವನ್ನು ಇಟ್ಟಿದ್ದಾರೆ. ಟೈರುಗಳ ಅಳತೆಯೇ ಬೇರೆಯಾದರೆ ನೇರ ರಸ್ತೆಯಲ್ಲೂ ಅವುಗಳಿಗೆ ಬಿಡುವಿಲ್ಲ. ಫಲಕಗಳು ಇಡೀ ದಾರಿ ಉಜ್ಜಿಕೊಳ್ಳುತ್ತವೆ, ಎಣ್ಣೆ ಕಾಯುತ್ತದೆ, ಮೊದಲು ಒಂದು ಗುಂಯ್ ಸದ್ದು, ಆಮೇಲೆ ತಿರುವಿನಲ್ಲಿ ಜಗ್ಗಿದ ಅನುಭವ, ಕೊನೆಗೆ ಗ್ಯಾರೇಜು. ಗಾಲಿಯ ವೇಗ ಎಣಿಸುವ ಎಬಿಎಸ್ ಸೆನ್ಸರಿಗೂ ಗೊಂದಲ. ಹೆಚ್ಚು ಸುತ್ತುವ ಗಾಲಿ ಜಾರುತ್ತಿದೆಯೆಂದು ಅದು ಎಣಿಸಬಹುದು.

ಕಾರು ಮಾಡುವವರು ಇದನ್ನು ಗುಟ್ಟಾಗಿ ಇಟ್ಟಿಲ್ಲ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ, ಅಂದರೆ ಸುಮಾರು 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕೂಡದು ಎನ್ನುತ್ತದೆ ಜಪಾನಿನ ಸುಬಾರು. ಗೀರಿನ ಆಳದಲ್ಲಿ ಒಂದೇ ಮಿಲಿಮೀಟರ್ ಕಡಿಮೆಯಾದರೆ ಸುತ್ತಳತೆ 6 ಮಿ.ಮೀ. ಇಳಿಯುತ್ತದೆ. ಅಲ್ಲಿಗೆ ಆ ಮಿತಿ ಮುಗಿಯಿತು! ಆಡಿಯದು ಸ್ವಲ್ಪ ಸಡಿಲ, ಆಳದಲ್ಲಿ 3 ಮಿ.ಮೀ. ಹತ್ತಿರದ ವ್ಯತ್ಯಾಸದವರೆಗೆ ಒಪ್ಪುತ್ತದೆ. “ಹಿಂದಿನವು ಇನ್ನೂ ಒಂದ್ ವರ್ಷ ಬರ್ತಾವ” ಎನ್ನುವ ಮಾತಿನಲ್ಲಿ ಈ ಮಿಲಿಮೀಟರ್ ಎಲ್ಲಿದೆ?

ಇದಕ್ಕೆ ಎದುರಾಗಿ ಕೆಲವರು ನಿಸ್ಸಾನ್ ಜಿಟಿ-ಆರ್ ತರದ ಕಾರುಗಳನ್ನು ತೋರಿಸುತ್ತಾರೆ. ಅದರಲ್ಲಿ ಮುಂದಿನ ಟೈರು 255/40 ಆರ್20, ಹಿಂದಿನದು 285/35 ಆರ್20. ಕಂಪನಿಯೇ ಬೇರೆ ಬೇರೆ ಅಳತೆ ಹಾಕಿಲ್ಲವೇ ಎಂದು ಕೇಳುತ್ತಾರೆ. ಹಾಕಿದೆ, ಆದರೆ ಲೆಕ್ಕ ಹಾಕಿ ಹಾಕಿದೆ. ಮುಂದಿನದರ ವ್ಯಾಸ 712 ಮಿ.ಮೀ., ಹಿಂದಿನದು 707.5. ಮೂರು ಸೆಂಟಿಮೀಟರ್ ಅಗಲ ಹೆಚ್ಚಿದರೂ ಎತ್ತರದಲ್ಲಿ ನಾಲ್ಕೂವರೆ ಮಿಲಿಮೀಟರಿನ ಅಂತರ, ಶೇ 1ಕ್ಕೂ ಕಡಿಮೆ. ಅಂಗಡಿಯಲ್ಲಿ 285/35 ಸಿಗಲಿಲ್ಲವೆಂದು ಯಾರಾದರೂ 285/40 ಹಾಕಿಸಿಕೊಂಡರೆ ಹಿಂದಿನ ವ್ಯಾಸ 736ಕ್ಕೆ ಏರುತ್ತದೆ, ಅಂತರ ಶೇ 3 ದಾಟುತ್ತದೆ. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ. ಟೈರಿನ ವಿಷಯದಲ್ಲಿ ಕಣ್ಣಂದಾಜು ನಂಬುವಂತಿಲ್ಲ.

ಸಿಗಲಿಲ್ಲ ಎನ್ನುವ ಕಷ್ಟ ಸುಳ್ಳಲ್ಲ, ಅದನ್ನು ಒಪ್ಪಲೇಬೇಕು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ತರಿಸಲು ಪರವಾನಗಿ ಬೇಕಾಯಿತು. ದೊಡ್ಡ ರಿಮ್ಮಿನ, ವಿಶೇಷ ಅಳತೆಯ ಟೈರುಗಳಿಗೆ ಹುಡುಕಾಟ ಹೆಚ್ಚಿತು. ತಾಲ್ಲೂಕಿನ ಅಂಗಡಿಯವನು ವರ್ಷಕ್ಕೊಂದೂ ಮಾರಾಟವಾಗದ ಟೈರನ್ನು ಯಾಕೆ ದಾಸ್ತಾನು ಮಾಡಬೇಕು? ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ತರಿಸಬೇಕು, ವಾರಗಟ್ಟಲೆ ಕಾಯಬೇಕು. ಆದರೆ ಕಾಯುವ ಬದಲು ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು ಕಂಪನಿ ಹಾಕಿಸುವುದು ಪರಿಹಾರವಾಗದು. ಒಂದೇ ಅಳತೆ ಅಚ್ಚೊತ್ತಿದ್ದರೂ ಎರಡು ಕಂಪನಿಗಳ ಟೈರಿನ ನಿಜವಾದ ವ್ಯಾಸದಲ್ಲಿ ಕೆಲವು ಮಿಲಿಮೀಟರ್ ಹೆಚ್ಚುಕಮ್ಮಿ ಇರುತ್ತದೆ, ರಬ್ಬರಿನ ಹಿಡಿತವೂ ಬೇರೆ. ಪೋರ್ಷೆಗೆ ಒಪ್ಪಿಗೆಯಾದ ಟೈರಿನ ಗೋಡೆಯ ಮೇಲೆ ‘ಎನ್’ ಅಕ್ಷರದ ಗುರುತು, ಆಡಿಗೆ ‘ಎಒ’, ಬಿಎಂಡಬ್ಲ್ಯುಗೆ ನಕ್ಷತ್ರ ಇರುವುದು ಅಲಂಕಾರಕ್ಕಲ್ಲ.

ಈಗ ಹೊಲಕ್ಕೆ ಬರೋಣ. ನಾಲ್ಕು ತಾಲ್ಲೂಕುಗಳಲ್ಲಿ ವೇಗದ ಕಾರುಗಳನ್ನು ಎಣಿಸಲು ಒಂದು ಕೈ ಬೆರಳು ಸಾಕಾದೀತು. ನಾಲ್ಕು ಗಾಲಿಯ ಬಲದ ಟ್ರ್ಯಾಕ್ಟರುಗಳ ಮಾತು ಹಾಗಲ್ಲ. ಎರಿ ಮಣ್ಣು ಹಸಿಯಾದರೆ ಎರಡು ಗಾಲಿಯ ಟ್ರ್ಯಾಕ್ಟರ್ ಹೂತು ನಿಲ್ಲುತ್ತದೆ ಎಂದು ಕಂಡುಕೊಂಡವರೇ ಫೋರ್ ಬೈ ಫೋರ್ ಕೊಂಡವರು. 50 ಅಶ್ವಶಕ್ತಿಯ ಆಸುಪಾಸಿನ ಇಂಥ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಮುಂದೆ 9.5-24, ಹಿಂದೆ 16.9-28 ಅಳತೆಯ ಟೈರು. ಚಿಕ್ಕ ಗಾಲಿ ಹೆಚ್ಚು ಸುತ್ತಬೇಕು, ದೊಡ್ಡ ಗಾಲಿ ಕಡಿಮೆ. ಅದಕ್ಕೆ ತಕ್ಕಂತೆ ಮುಂದಿನ ಅಚ್ಚಿನ ಹಲ್ಲುಗಾಲಿಗಳ ಅನುಪಾತವನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಅದೂ ಮುಂದಿನ ಗಾಲಿ ಹಿಂದಿನದಕ್ಕಿಂತ ಶೇ 1ರಿಂದ 5ರಷ್ಟು ಮುಂದಾಗಿ ಎಳೆಯುವಂತೆ. ಆ ಸಣ್ಣ ಮುನ್ನಡೆಯಿಂದಲೇ ಮುಂದಿನ ಗಾಲಿ ಮಣ್ಣನ್ನು ಕಚ್ಚಿ ಟ್ರ್ಯಾಕ್ಟರನ್ನು ಜಗ್ಗುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಎರಡು ಅಚ್ಚಿನ ನಡುವೆ ವ್ಯತ್ಯಾಸ ನುಂಗುವ ಡಿಫರೆನ್ಶಿಯಲ್ ಇರುವುದಿಲ್ಲ. ಫೋರ್ ಬೈ ಫೋರ್ ಲಿವರ್ ಹಾಕಿದೊಡನೆ ಮುಂದೂ ಹಿಂದೂ ಒಂದೇ ಕಬ್ಬಿಣ.

ಹಿಂದಿನ ಟೈರಿನ ಗುಂಡಿಗಳು ಎರಡು ಸೆಂಟಿಮೀಟರ್ ಸವೆದಿವೆ ಎನ್ನಿ. ಅಷ್ಟಕ್ಕೇ ಹಿಂದಿನ ಸುತ್ತಳತೆ ಶೇ 3ರ ಹತ್ತಿರ ಕುಗ್ಗುತ್ತದೆ. ಆಗ ಮುಂದೆ ಹೊಚ್ಚ ಹೊಸ ಟೈರು ಹಾಕಿದರೆ ಮುನ್ನಡೆ ಮಿತಿ ಮೀರಿ ಹೋಗಬಹುದು. ಹೊಲದಲ್ಲಿ ಮಣ್ಣು ಸಡಿಲ, ಹೇಗೋ ಜಾರಿಕೊಂಡು ನಡೆಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಅದೇ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು ಮರಗೂರಿನ ಭೀಮಾಶಂಕರ ಕಾರ್ಖಾನೆಗೋ ಯರಗಲ್ಲಿನ ಬಾಲಾಜಿ ಕಾರ್ಖಾನೆಗೋ ಡಾಂಬರು ರಸ್ತೆಯಲ್ಲಿ ಹೊರಡುತ್ತದೆ. ಏರು ಬಂದಾಗ ಹಾಕಿದ ಲಿವರನ್ನು ತೆಗೆಯುವುದು ಚಾಲಕನಿಗೆ ಮರೆತರೆ, ಜಾರಲು ಜಾಗವಿಲ್ಲದ ನೆಲದಲ್ಲಿ ಆ ಬಲವೆಲ್ಲ ಹಲ್ಲುಗಾಲಿಗಳ ಮೇಲೆ ತಿರುಚಿಕೊಂಡು ಕೂರುತ್ತದೆ. ಮುಂದಿನ ಹೊಸ ಟೈರು ಒಂದೇ ಹಂಗಾಮಿಗೆ ಬೋಳಾಗುತ್ತದೆ. “ಈ ಕಂಪನಿ ಟೈರು ಸರಿ ಇಲ್ಲ” ಎಂದು ಬಯ್ದು ಮತ್ತೆ ಮುಂದಿನೆರಡನ್ನೇ ಬದಲಿಸುತ್ತಾರೆ. ತಪ್ಪು ಟೈರಿನದಾಗಿರಲಿಲ್ಲ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ, ಸೀಮೆಸುಣ್ಣದ ತುಂಡು ಸಾಕು. ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಒಂದೊಂದು ಗುರುತು ಹಾಕಿ, ಮಣ್ಣಿನ ನೆಲದಲ್ಲಿ ಹಿಂದಿನ ಗಾಲಿ ಹತ್ತು ಸುತ್ತು ಸುತ್ತುವಷ್ಟು ದೂರ ನಿಧಾನ ನಡೆಸಬೇಕು. ಲಿವರ್ ಹಾಕಿದಾಗ ಮುಂದಿನ ಗಾಲಿ ಎಷ್ಟು ಸುತ್ತಿತು, ತೆಗೆದಾಗ ಅದೇ ದೂರಕ್ಕೆ ಎಷ್ಟು ಸುತ್ತಿತು ಎಣಿಸಬೇಕು. ಎರಡರ ವ್ಯತ್ಯಾಸವನ್ನು ಲಿವರ್ ತೆಗೆದಾಗಿನ ಸುತ್ತಿನಿಂದ ಭಾಗಿಸಿದರೆ ಮುನ್ನಡೆ ಸಿಗುತ್ತದೆ. ನೂರು ಸುತ್ತಿಗೆ ಒಂದರಿಂದ ಐದರೊಳಗಿದ್ದರೆ ಕ್ಷೇಮ. ಸೊನ್ನೆಗಿಂತ ಕೆಳಗಿಳಿದರೆ ಮುಂದಿನ ಗಾಲಿ ಎಳೆಯುವುದನ್ನು ಬಿಟ್ಟು ತಡೆಯುತ್ತಿದೆ ಎಂದರ್ಥ.

ಥಾರ್ ಕೊಂಡವರಿಗೂ ಇದೇ ಪಾಠ ಅನ್ವಯಿಸುತ್ತದೆ. ಅದರ ಫೋರ್ ಬೈ ಫೋರ್ ಮಾದರಿಯಲ್ಲೂ ಮುಂದಿನ-ಹಿಂದಿನ ಅಚ್ಚಿನ ನಡುವೆ ಡಿಫರೆನ್ಶಿಯಲ್ ಇಲ್ಲ. ಒಣ ಡಾಂಬರಿನ ಮೇಲೆ ‘ಫೋರ್ ಹೈ’ ಹಾಕಿ ಓಡಿಸುವುದೇ ತಪ್ಪು. ಬೇರೆ ಬೇರೆ ಸವೆತದ ಟೈರುಗಳ ಮೇಲೆ ಓಡಿಸುವುದು ಇಮ್ಮಡಿ ತಪ್ಪು.

ಚಾಲ್ತಿಯಲ್ಲಿರುವ ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯಕಾರಿ. ಹೊಸ ಟೈರು ಎರಡೇ ಆದರೆ ಅವು ಮುಂದಕ್ಕೇ ಹೋಗಬೇಕು, ಸ್ಟೀರಿಂಗ್ ಇರುವುದು ಅಲ್ಲೇ ಎಂಬ ವಾದ. ಎರಡೇ ಬದಲಿಸಬಹುದಾದ ಸಾಮಾನ್ಯ ಕಾರಿನಲ್ಲೂ ಇದು ತಲೆಕೆಳಗಾದ ಮಾತು. ನೀರು ನಿಂತ ರಸ್ತೆಯಲ್ಲಿ ಮುಂದಿನ ಗಾಲಿ ಹಿಡಿತ ತಪ್ಪಿದರೆ ಕಾರು ನೇರ ಜಾರುತ್ತದೆ, ಚಾಲಕ ಕಾಲು ತೆಗೆದರೆ ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಗಾಲಿ ತಪ್ಪಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೈಚಳಕ ನೂರರಲ್ಲಿ ಒಬ್ಬರಿಗೂ ಇರುವುದಿಲ್ಲ. ಮಿಶೆಲಿನ್ ಸೇರಿದಂತೆ ಟೈರು ಕಂಪನಿಗಳು ಹೊಸ ಜೋಡಿ ಹಿಂದಕ್ಕೇ ಇರಲಿ ಎಂದು ವರ್ಷಗಳಿಂದ ಹೇಳುತ್ತಿರುವುದು ಇದಕ್ಕೇ.

“ನಮ್ಮ ಕಡೆ ಮಳಿನ ಇಲ್ಲ, ನೀರಿನ ಮಾತ್ಯಾಕ?” ಎನ್ನುವ ಉತ್ತರ ಸಿದ್ಧವಿರುತ್ತದೆ. ಮಳೆ ಕಡಿಮೆಯೆನ್ನುವುದು ನಿಜ, ವರ್ಷಕ್ಕೆ 600 ಮಿ.ಮೀ. ಆಸುಪಾಸು. ಆದರೆ ಅದು ವರ್ಷವಿಡೀ ಹನಿಹನಿಯಾಗಿ ಬೀಳುವುದಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಇಂಡಿ, ಸಿಂದಗಿ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಮರೆಯಲಾದೀತೇ? ಮಳೆ ಅಪರೂಪವಾದಷ್ಟೂ ರಸ್ತೆ ಹೆಚ್ಚು ಜಾರುತ್ತದೆ. ಟ್ರ್ಯಾಕ್ಟರಿನ ಗಾಲಿಗಂಟಿ ಬಂದ ಎರಿ ಮಣ್ಣು ತಿಂಗಳುಗಟ್ಟಲೆ ಡಾಂಬರಿನ ಮೇಲೆ ಪುಡಿಯಾಗಿ ಕೂತಿರುತ್ತದೆ. ಮೊದಲ ಮಳೆಗೆ ಅದೇ ಬೆಣ್ಣೆಯಾಗುತ್ತದೆ. ಹಸಿ ರಸ್ತೆಯ ಹಿಡಿತಕ್ಕೆ ದೇಶದ ಕಾನೂನೂ ಬೆಲೆ ಕೊಟ್ಟಿದೆ. ಎಐಎಸ್ 142 ಎಂಬ ಮಾನದಂಡ ಹಸಿ ಹಿಡಿತ, ಉರುಳುವ ಪ್ರತಿರೋಧ, ಸದ್ದು ಈ ಮೂರಕ್ಕೂ ಮಿತಿ ಗೊತ್ತುಮಾಡಿದ್ದು, 2022ರ ಅಕ್ಟೋಬರಿನಿಂದ ಹೊಸ ವಿನ್ಯಾಸದ ಟೈರುಗಳಿಗೆ ಅನ್ವಯವಾಯಿತು. ಕಾರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾದರೆ ಓಡಿಸುವಂತಿಲ್ಲ ಎನ್ನುವ ನಿಯಮ ಬಹಳ ಹಿಂದಿನದು. ಅದು ಕೊನೆಯ ಗೆರೆ. ಅಲ್ಲಿಗೆ ಮುಟ್ಟುವ ಮೊದಲೇ ನೀರಿನ ಮೇಲಿನ ಹಿಡಿತ ಬಹಳಷ್ಟು ಹೋಗಿರುತ್ತದೆ.

ಸವೆತವೊಂದೇ ಅಳತೆ ಎಂಬ ನಂಬಿಕೆಗೆ ಇನ್ನೊಂದು ಮುಖವೂ ಇದೆ. ವೇಗದ ಕಾರು ತಿಂಗಳಿಗೆರಡು ಸಲ ಶೆಡ್ಡಿನಿಂದ ಹೊರಬರುತ್ತದೆ, ಗೀರು ತುಂಬ ಆಳವಾಗಿಯೇ ಇರುತ್ತದೆ, “ಹೊಸಾದ ಐತಿ” ಎಂದು ಯಜಮಾನರು ನೆಮ್ಮದಿಯಿಂದಿರುತ್ತಾರೆ. ರಬ್ಬರಿಗೆ ವಯಸ್ಸಿದೆ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಜಿಲ್ಲೆಯ ಬಿಸಿಲಿನಲ್ಲಿ ಅದು ಬೇಗ ಮುದಿಯಾಗುತ್ತದೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಪ್ರಯಾಣಿಸುತ್ತಿದ್ದ ಪೋರ್ಷೆ ಕರೇರಾ ಜಿಟಿ ಅಪ್ಪಳಿಸಿ ಆತನೂ ಕಾರು ಓಡಿಸುತ್ತಿದ್ದವನೂ ಸತ್ತರು. ವೇಗವೇ ಮುಖ್ಯ ಕಾರಣವಾಗಿದ್ದ ಆ ಅಪಘಾತದ ತನಿಖೆಯಲ್ಲಿ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತೆಂಬುದೂ ಹೊರಬಂತು. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1419 ಎಂದಿದ್ದರೆ 2019ರ ಹದಿನಾಲ್ಕನೇ ವಾರದ ಟೈರು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಬೇಕು, ಹತ್ತು ವರ್ಷಕ್ಕೆ ಗೀರು ಎಷ್ಟಿದ್ದರೂ ಕಿತ್ತೆಸೆಯಬೇಕು ಎನ್ನುತ್ತಾರೆ ಟೈರು ಮಾಡುವವರು.

ದುಡ್ಡಿನ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ಅನ್ಯಾಯ. ನಾಲ್ಕು ಟೈರು ಒಟ್ಟಿಗೆ ಎಂದರೆ ಟ್ರ್ಯಾಕ್ಟರಿನ ರೈತನಿಗೆ ಕಬ್ಬಿನ ಬಿಲ್ಲು ಬರುವವರೆಗೆ ಕೈ ಕಟ್ಟಿದ ಹಾಗೆ. ಆದರೆ ಈ ಖರ್ಚನ್ನು ತಗ್ಗಿಸುವ ದಾರಿಗಳಿವೆ. ನಾಲ್ಕೂ ಟೈರು ಒಂದೇ ಅಳತೆಯ ಕಾರಿನಲ್ಲಿ ಪ್ರತಿ 8-10 ಸಾವಿರ ಕಿ.ಮೀ.ಗೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿದರೆ ನಾಲ್ಕೂ ಒಟ್ಟಿಗೇ ಸವೆಯುತ್ತವೆ. ಸ್ಟೆಪ್ನಿಯೂ ಅದೇ ಅಳತೆಯದಾದರೆ ಅದನ್ನೂ ಸರದಿಗೆ ಸೇರಿಸಬಹುದು. ಬಳ್ಳಾರಿ ಜಾಲಿಯ ಮುಳ್ಳಿಗೆ ಒಂದು ಟೈರು ಹರಿದುಹೋದರೂ ಹೊಂದುವ ಜೋಡಿ ಮನೆಯಲ್ಲೇ ಇರುತ್ತದೆ. ಗಾಳಿಯನ್ನು ಬೆಳಗ್ಗೆ ಟೈರು ತಣ್ಣಗಿದ್ದಾಗಲೇ ನೋಡಿಸಬೇಕು. ಮಧ್ಯಾಹ್ನದ ಬಿಸಿಗೆ ಒತ್ತಡ ತಾನೇ ಏರಿರುತ್ತದೆ, ಆಗ ಹೆಚ್ಚಾಗಿದೆಯೆಂದು ಬಿಡಿಸಿದರೆ ರಾತ್ರಿ ಕಡಿಮೆ ಗಾಳಿಯಲ್ಲಿ ಓಡಿಸಿದಂತಾಗುತ್ತದೆ. ಟ್ರ್ಯಾಕ್ಟರಿನವರು ಡಾಂಬರಿಗೆ ಬಂದೊಡನೆ ಲಿವರ್ ತೆಗೆದರೆ ಮುಂದಿನ ಟೈರಿನ ಆಯುಷ್ಯ ಹೆಚ್ಚುತ್ತದೆ. ಇಷ್ಟು ಮಾಡದೆ ಎರಡು ಟೈರಿನ ದುಡ್ಡು ಉಳಿಸಿದವರಿಗೆ ಎರಡೂ ಅಚ್ಚಿಗೆ ಬಲ ಹಂಚುವ ಕಾರಿನ ಟ್ರಾನ್ಸ್‌ಫರ್ ಕೇಸ್ ಲಕ್ಷಗಳಲ್ಲಿ ಬಿಲ್ಲು ಕೊಡುತ್ತದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ಕೆಡುವುದಂತೂ ಗಾಡಿ ಅತ್ಯಗತ್ಯವಾದ ದಿನಗಳಲ್ಲೇ, ಹಂಗಾಮಿನ ನಡುವೆ.

ಟೈರು ಅಂಗಡಿಯವರ ಮೇಲೆ ಮೋಸದ ಆರೋಪ ಹೊರಿಸುವುದು ಈ ಲೇಖನದ ಉದ್ದೇಶವಲ್ಲ. ಎರಡು ಮಾರುವುದಕ್ಕಿಂತ ನಾಲ್ಕು ಮಾರಿದರೆ ಅವರಿಗೇ ಲಾಭ. ಆದರೂ ಎರಡೇ ಸಾಕೆನ್ನುವುದು ಗಿರಾಕಿಯ ಮೇಲಿನ ಕನಿಕರದಿಂದ. ಆ ಕನಿಕರ ಎರಡು ಗಾಲಿಯ ಬಲದ ಕಾಲದಲ್ಲಿ ಹುಟ್ಟಿದ್ದು, ಗಾಡಿಗಳು ಬದಲಾದರೂ ಹಾಗೇ ಉಳಿದುಕೊಂಡಿದೆ.

ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲು ಮಾಡಬೇಕಾದ ಕೆಲಸ ಸಣ್ಣದು. ಗೀರಿನ ಆಳ ಅಳೆಯುವ ಕೈಗೇಜು ದುಬಾರಿ ಸಾಮಾನಲ್ಲ. ಪ್ರತಿ ಟೈರು ಅಂಗಡಿಯಲ್ಲೂ ಒಂದು ಇರಲಿ. ಬಂದ ಪ್ರತಿ ಫೋರ್ ಬೈ ಫೋರ್ ಗಾಡಿಯ ನಾಲ್ಕೂ ಟೈರನ್ನು ಅಳೆದು, ನಾಲ್ಕು ಅಂಕಿಯನ್ನು ಬಿಲ್ಲಿನ ಮೇಲೆ ಬರೆದುಕೊಡಲಿ. ಸಕ್ಕರೆ ಕಾರ್ಖಾನೆಗಳು ಕಬ್ಬು ಸಾಗಾಣಿಕೆಯ ಕರಾರು ಮಾಡಿಕೊಳ್ಳುವ ದಿನ ಟ್ರ್ಯಾಕ್ಟರಿನ ಕಾಗದಪತ್ರದ ಜೊತೆಗೆ ಆ ಬಿಲ್ಲನ್ನೂ ಕೇಳಲಿ. ಗಾಡಿಯ ಯಜಮಾನರು ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತೇ ಗಾಡಿ ಪುಸ್ತಕ ತೆಗೆದು ಟೈರಿನ ಪುಟ ಓದಿ, ಹೊರಗೆ ಹೋಗಿ ನಾಲ್ಕೂ ಗಾಲಿಯ ಮೇಲಿನ ಅಳತೆ ಮತ್ತು ತಯಾರಿಯ ವಾರ ಬರೆದುಕೊಳ್ಳಿ.